ಅತ್ತೆ, ಅಳಿಯ ಮತ್ತು ಬರೀ ಬೋಟು

ಅಮಿತಾ: ಕರೆದವನು ನೀನು. ಬರಬೇಡಿ ಅಂತ ಹೇಳೋನೂ ನೀನೇ.

ಸಾತ್ವಿಕ್: ನಿಮ್ಮಮ್ಮ ಕಣೇ. ನೀನು ಹೇಳಿದ್ರೆ ಒಂದು ದಿನ ಬೇಜಾರು. ನಾನು ಹೇಳಿದ್ರೆ ಉಡುಪಿಯಿಂದ ಕಾಪುವರೆಗೆ ಸುದ್ದಿ.

ಅಮಿತಾ: ಅಷ್ಟು ಭಯ ಇದ್ದೋನು ಕರೆಯೋಕೆ ಯಾಕೆ ಹೋದೆ? ‘ಅತ್ತೆ, ನೀವೂ ಬನ್ನಿ ಗ್ರೀಸ್‌ಗೆ’ ಅಂತೆ. ಮಜ್ಜಿಗೆ ಬೇಕಾ ಅಂತ ಕೇಳಿದ ಹಾಗೆ!

ಸಾತ್ವಿಕ್: ಫಾರ್ಮಾಲಿಟಿಗೆ ಕರೆದೆ. ಯಾರಾದ್ರೂ ಕರೆದ ತಕ್ಷಣ ಬರ್ತಾರಾ?

ಅಮಿತಾ: ಅಮ್ಮ ಏನಂದ್ಲು?

ಸಾತ್ವಿಕ್: ‘ನೋಡುವ’ ಅಂದ್ರು. ನಮ್ಮ ಮೈಸೂರಲ್ಲಿ ನೋಡೋಣ ಅಂದ್ರೆ ಇಲ್ಲ ಅಂತ ಅರ್ಥ.

ಅಮಿತಾ: ನಮ್ಮ ಕಡೆನೂ ಅದೇ ಅರ್ಥ. ಆದ್ರೆ ಮಾರನೇ ದಿನ ಅಂಗಡಿಗೆ ಹೋಗಿ ಜಾರದೇ ಇರೋ ಶೂ ತಗೊಂಡು ಬಂದಿದ್ದಾಳೆ. ಅದಕ್ಕೆ ಏನರ್ಥ?

ಆಮರ್ಸ್‌ಫೋರ್ಟ್ ಎಂಬ ಡಚ್ ಊರಿನಲ್ಲಿ, ಮೂರನೇ ಮಹಡಿಯ ಆ ಅಡುಗೆಮನೆಯಲ್ಲಿ ಹೊಗೆ ಹೀರುವ ಫ್ಯಾನು ಜೋರಾಗಿ ತಿರುಗುತ್ತಿತ್ತು. ಒಲೆಯ ಮೇಲೆ ಏನೂ ಇರಲಿಲ್ಲ. ಹೊರಗೆ ಕುಳಿತಿದ್ದ ರಾಜೀವಿಯವರಿಗೆ ಮಾತು ಕೇಳಿಸಬಾರದೆಂದು ಗಂಡ ಹೆಂಡತಿ ಅದನ್ನು ಹಾಕಿಕೊಂಡಿದ್ದರು. ಸಾತ್ವಿಕ್ ಮೈಸೂರಿನವನು, ದಿನಾ ರೈಲು ಹತ್ತಿ, ದೊಡ್ಡ ದೊಡ್ಡ ಆಫೀಸುಗಳಿರುವ ಜೈಡಾಸ್‌ನ ಬ್ಯಾಂಕೊಂದಕ್ಕೆ ಸಾಫ್ಟ್‌ವೇರ್ ಬರೆಯಲು ಹೋಗುತ್ತಾನೆ. ಅಮಿತಾ ಉಡುಪಿಯವಳು. ಅವಳ ತಾಯಿ ರಾಜೀವಿ ಹೈಸ್ಕೂಲಿನಲ್ಲಿ ಹಿಂದಿ ಕಲಿಸಿ ನಿವೃತ್ತರಾದವರು, ಮಗಳ ಮನೆಗೆಂದು ಈ ಬೇಸಿಗೆಯಲ್ಲಿ ಬಂದಿದ್ದರು. ಮದುವೆಯಾದ ಮೇಲೆ ಮೊದಲ ಬಾರಿಗೆ ಇಬ್ಬರೇ ಎಲ್ಲಾದರೂ ಹೋಗಬೇಕೆಂದು ಹೊರಟ ದಂಪತಿ, ಗ್ರೀಸಿನ ದ್ವೀಪಗಳ ನಡುವೆ ಒಂದು ವಾರ ಹಾಯಿದೋಣಿಯಲ್ಲಿ ತಿರುಗಾಡಲು ಬುಕ್ ಮಾಡಿದ್ದರು. ಅದಾದ ಮೂರನೇ ದಿನ ಸಾತ್ವಿಕನ ಬಾಯಿಂದ ಆ ‘ನೀವೂ ಬನ್ನಿ’ ಹೊರಟುಬಿಟ್ಟಿತ್ತು.

ಅಮಿತಾ: ಸರಿ, ಬರಬೇಡ ಅನ್ನೋದು ಬೇಡ. ಬೋಟ್ ಅಂದ್ರೆ ಏನು ಅಂತ ಪೂರ್ತಿ ಹೇಳೋಣ. ಕೇಳಿದ್ರೆ ಅವಳಿಗೇ ಬೇಡ ಅನ್ಸತ್ತೆ. ನಾನು ಹೆದರಿಸ್ತೀನಿ, ನೀನು ಹೌದು ಹೌದು ಅನ್ನು. ಅಷ್ಟೇ ನಿನ್ನ ಕೆಲಸ.

ಸಾತ್ವಿಕ್: ಹೌದು.

ಅಮಿತಾ: ಈಗಲ್ಲ, ಹೊರಗೆ!

ರಾಜೀವಿಯವರು ಸೋಫಾದ ಮೇಲೆ ಕುಳಿತು ಕೊತ್ತಂಬರಿ ಸೊಪ್ಪು ಬಿಡಿಸುತ್ತಿದ್ದರು. ಮನೆಯಲ್ಲಿ ಅಮ್ಮ ಮಗಳ ಮಾತು ತುಳುವಿನಲ್ಲಿ. ಆದರೆ ಅಳಿಯನಿಗೆ ತುಳು ಬಾರದು, ಅವನ ಎದುರಿಗೆ ಹಾಗೆ ಮಾತಾಡುವುದು ಮರ್ಯಾದೆಯಲ್ಲವೆಂದು ಅವನಿರುವಾಗ ಕನ್ನಡವೇ. ಅಮಿತಾ ಲ್ಯಾಪ್‌ಟಾಪನ್ನು ಅವರ ಮುಂದಿಟ್ಟಳು.

ಅಮಿತಾ: ಅಮ್ಮ, ಈ ಬೋಟಿನ ಬಗ್ಗೆ ನಿಂಗೆ ಸರಿಯಾಗಿ ಹೇಳಲೇ ಇಲ್ಲ. ಇದು ಬೇರ್‌ಬೋಟ್.

ರಾಜೀವಿ: ಬೇರೆ ಬೋಟಾ? ಮೊನ್ನೆ ತೋರಿಸಿದ್ದು ಅಲ್ವಾ?

ಸಾತ್ವಿಕ್: ಬೇರೆ ಅಲ್ಲ ಅತ್ತೆ, ಬೇರ್. ಬೇರ್ ಅಂದ್ರೆ ಬರೀ.

ರಾಜೀವಿ: ಬರೀ ಬೋಟಾ?

ಅಮಿತಾ: ಹೌದು. ಕೊಡುದು ಬರೀ ಬೋಟು ಮಾತ್ರ. ಡ್ರೈವರ್ ಇಲ್ಲ, ಅಡುಗೆಯವರಿಲ್ಲ, ಯಾರೂ ಇಲ್ಲ.

ರಾಜೀವಿ: ಮತ್ತೆ ಬಿಡುದು ಯಾರು ಮಾರಾಯ್ತಿ?

ಸಾತ್ವಿಕ್ ಹಾಜರಿ ಕೂಗಿದಾಗ ಮಕ್ಕಳು ಎತ್ತುವ ಹಾಗೆ ಕೈ ಎತ್ತಿದ. ರಾಜೀವಿಯವರು ಅಳಿಯನನ್ನು ಒಮ್ಮೆ, ಲ್ಯಾಪ್‌ಟಾಪಿನಲ್ಲಿದ್ದ ಸಮುದ್ರವನ್ನು ಒಮ್ಮೆ ನೋಡಿದರು.

ರಾಜೀವಿ: ನೀವಾ?

ಸಾತ್ವಿಕ್: ಹೌದು ಅತ್ತೆ. ಹೋದ ವರ್ಷ ಫ್ರೀಸ್‌ಲ್ಯಾಂಡಲ್ಲಿ ಕೆರೆ ಮೇಲೆ ಬೋಟ್ ಬಿಡೋದು ಕಲಿತೆನಲ್ಲ. ಡಿಪ್ಲೊಮಾ ಇದೆ.

ರಾಜೀವಿ: ಡಿಪ್ಲೊಮಾ ಉಂಟಾ? ಹಾಗಾದ್ರೆ ಪರವಾಗಿಲ್ಲ.

ಅಮಿತಾ: ಪರವಾಗಿಲ್ವಾ? ಅಮ್ಮ, ಗಾಳಿ ಬಂದ್ರೆ ಬೋಟು ಪೂರಾ ಓರೆ ಆಗ್ತದೆ. ಒಂದು ಬದಿಗೆ ನೀರು, ಇನ್ನೊಂದು ಬದಿಗೆ ಆಕಾಶ. ಆಗ್ತದಲ್ಲ ಸಾತ್ವಿಕ್?

ಸಾತ್ವಿಕ್: ಹೌದು ಹೌದು. ಆದ್ರೆ ಸ್ವಲ್ಪ ಅತ್ತೆ. ಆಟೋ ತಿರುಗಿದ ಹಾಗೆ ಅಂದ್ಕೊಳ್ಳಿ.

ಅಮಿತಾ ಗಂಡನ ಕಾಲು ತುಳಿದಳು.

ಅಮಿತಾ: ನಿಂಗೆ ಆಗುಂಬೆ ಘಾಟಿಯಲ್ಲಿ ಬಸ್ಸಲ್ಲೇ ವಾಂತಿ ಆಗ್ತದೆ. ಇಲ್ಲಿ ಇಡೀ ವಾರ ಅಲ್ಲಾಡ್ತಾನೇ ಇರ್ತದೆ.

ರಾಜೀವಿ: ಒಂದು ಲಿಂಬೆಹಣ್ಣು ಇಟ್ಕೊಂಡ್ರೆ ಆಯ್ತು.

ಸಾತ್ವಿಕ್: ಗ್ರೀಸಲ್ಲಿ ಲಿಂಬೆ ತುಂಬಾ ಚೆನ್ನಾಗಿರತ್ತೆ ಅತ್ತೆ.

ಅಮಿತಾ: ನೀನು ಲಿಂಬೆ ಮಾರೋಕೆ ಬಂದಿದ್ಯಾ? ಅಮ್ಮ, ಟಾಯ್ಲೆಟ್ ಕೇಳು. ಇಷ್ಟೇ ಜಾಗ. ಆಚೆ ಈಚೆ ತಿರುಗ್ಲಿಕ್ಕಾಗುದಿಲ್ಲ. ಮುಗಿದ ಮೇಲೆ ಕೈಯಲ್ಲಿ ಪಂಪ್ ಹೊಡೀಬೇಕು.

ರಾಜೀವಿ: ಎಂತ ಪಂಪ್?

ಅಮಿತಾ: ಹ್ಯಾಂಡ್ ಪಂಪ್. ಇಪ್ಪತ್ತು ಸಲ. ಕಡಿಮೆ ಹೊಡೆದ್ರೆ ಎಲ್ಲ ವಾಪಸ್ ಬರ್ತದೆ.

ರಾಜೀವಿಯವರ ಕೈಯಲ್ಲಿದ್ದ ಕೊತ್ತಂಬರಿಯ ದಂಟು ಸ್ವಲ್ಪ ಹೊತ್ತು ಹಾಗೆಯೇ ನಿಂತಿತು. ಅಮಿತಾ ಆಸೆಯಿಂದ ನೋಡಿದಳು.

ರಾಜೀವಿ: ನಮ್ಮ ಶಾಲೆಯ ಬೋರ್‌ವೆಲ್ ಪಂಪ್ ನಾನೇ ಹೊಡೀತಿದ್ದೆ. ಕೈಗೆ ಅಭ್ಯಾಸ ಉಂಟು.

ಸಾತ್ವಿಕ್: ನೋಡು, ಅತ್ತೆಗೆ ಎಕ್ಸ್‌ಪೀರಿಯೆನ್ಸ್ ಇದೆ!

ಅಮಿತಾ: ನಿಂಗೆ ಹೌದು ಹೌದು ಅನ್ನು ಅಂದಿದ್ದು ನನ್ನ ಮಾತಿಗೆ! ಅವಳ ಮಾತಿಗಲ್ಲ!

ರಾಜೀವಿ: ಎಂತಕ್ಕೆ ಜಗಳ? ನಂಗೆ ಅರ್ಥ ಆಗ್ತದೆ. ನಿಮ್ಮಿಬ್ರಿಗೂ ಧೈರ್ಯ ಸಾಲುದಿಲ್ಲ. ಅದಕ್ಕೇ ನನ್ನನ್ನು ಕರೆದದ್ದು. ನೀವು ಹಗ್ಗ ಎಳೆಯುವಾಗ ಅನ್ನ ಸಾರು ಮಾಡಿ ಹಾಕ್ಲಿಕ್ಕೆ ಒಂದು ಜನ ಬೇಡ್ವಾ? ಬರ್ತೇನೆ. ನೀವು ತಲೆಬಿಸಿ ಮಾಡ್ಬೇಡಿ.

ಅಷ್ಟು ಹೇಳಿ ಅವರು ಕೊತ್ತಂಬರಿ ಬುಟ್ಟಿಯತ್ತ ಬಾಗಿದರು. ಬಾಗಿದವರು ತಮ್ಮಷ್ಟಕ್ಕೆ ತುಳುವಿನಲ್ಲಿ ಗೊಣಗಿದರು.

ರಾಜೀವಿ: ದೇವರೇ, ಎಂಕ್ ಪೋಡಿ ಆಪುಂಡು.

ಸಾತ್ವಿಕನ ಮುಖ ಅರಳಿತು. ಹತ್ತು ವರ್ಷಗಳಲ್ಲಿ ಅವನು ಕಲಿತಿದ್ದ ನಾಲ್ಕೈದು ತುಳು ಪದಗಳಲ್ಲಿ ಪೋಡಿಯೂ ಒಂದು. ಅತ್ತೆ ಮನೆಯಲ್ಲಿ ಸಂಜೆ ಚಹಾದ ಜೊತೆ ಕೊಡುವ ಬಜ್ಜಿಗೆ ಅದೇ ಹೆಸರು.

ಸಾತ್ವಿಕ್: ಪೋಡಿನಾ? ಮಾಡೋಣ ಅತ್ತೆ! ಬೋಟಲ್ಲಿ ಎರಡು ಬರ್ನರ್ ಸ್ಟವ್ ಇದೆ. ಒಂದು ಕಡೆ ದ್ವೀಪ, ಒಂದು ಕಡೆ ಬಿಸಿಬಿಸಿ ಬದನೆಕಾಯಿ ಪೋಡಿ!

ಅಮಿತಾ: ಸಾತ್ವಿಕ್, ಸುಮ್ನಿರು.

ಸಾತ್ವಿಕ್: ಅವರೇ ಕೇಳ್ತಿದ್ದಾರೆ ಕಣೇ. ಹೀರೇಕಾಯಿದಾದ್ರೂ ಸರಿ.

ಅಮಿತಾ: ಪೋಡಿ ಅಂದ್ರೆ ಹೆದರಿಕೆ! ತುಳುವಿನಲ್ಲಿ ಅದಕ್ಕೂ ಪೋಡಿ ಅಂತಾರೆ! ಅಮ್ಮ, ನಿಂಗೆ ಹೆದರಿಕೆ ಆಗ್ತಾ ಉಂಟಾ?

ರಾಜೀವಿ: ಆಗದೆ? ನಂಗೆ ಈಜು ಬರುದಿಲ್ಲ. ಸಮುದ್ರ ಅಂದ್ರೆ ಮಲ್ಪೆಯಲ್ಲಿ ಮರಳಿನ ಮೇಲೆ ನಿಂತು ನೋಡುದು ಅಷ್ಟೆ. ಕಾಲು ಒದ್ದೆ ಮಾಡಿದವಳೂ ಅಲ್ಲ. ಆ ಪಂಪಿನ ವಿಷಯ ಕೇಳಿದ ಮೇಲೆ ಹೆದರಿಕೆ ಇನ್ನೂ ಜಾಸ್ತಿ ಆಯ್ತು.

ಅಮಿತಾ: ಮತ್ತೆ ಬರ್ತೇನೆ ಅಂದದ್ದು ಎಂತಕ್ಕೆ?

ರಾಜೀವಿ: ಅಳಿಯ ಬಾಯಿ ಬಿಟ್ಟು ಕರೆದಿದ್ದಾರೆ. ಇಲ್ಲ ಅಂತ ಹೇಗೆ ಹೇಳುದು? ಶೂ ಸಹ ತಂದೆ, ನಿಮಗೆ ಬೇಜಾರಾಗ್ಬಾರ್ದು ಅಂತ.

ಅಮಿತಾ: ಅಯ್ಯೋ ಅಮ್ಮ! ನಿನ್ನನ್ನ ಬರಬೇಡ ಅಂತ ಹೇಗೆ ಹೇಳುದು ಅಂತ ನಾವು ವಾರದಿಂದ ಆ ಫ್ಯಾನ್ ಹಾಕ್ಕೊಂಡು ಒದ್ದಾಡ್ತಾ ಇದ್ದೇವೆ!

ರಾಜೀವಿ: ಬರುದು ಬೇಡ್ವಾ?

ಅಮಿತಾ: ಬೇಡ!

ರಾಜೀವಿ: ಸತ್ಯ?

ಅಮಿತಾ: ಸತ್ಯ. ಬೇಜಾರಾ?

ರಾಜೀವಿ: ಎಂತ ಬೇಜಾರು! ಪಕ್ಕದ ಮನೆಯ ಡಚ್ಚು ಹೆಂಗಸನ್ನು ನೋಡಿ ಕಲಿಯಿರಿ. ಮೊನ್ನೆ ನಾನು ಚಕ್ಕುಲಿ ಕೊಟ್ಟೆ. ‘ಇದು ನನಗೆ ಇಷ್ಟ ಆಗ್ಲಿಲ್ಲ’ ಅಂತ ವಾಪಸ್ಸೇ ಕೊಟ್ಲು. ಎಷ್ಟು ಸುಲಭ!

ಅಮ್ಮ ಮಗಳು ಒಬ್ಬರ ಕೈ ಒಬ್ಬರು ಹಿಡಿದುಕೊಂಡು ನಕ್ಕರು. ಸಾತ್ವಿಕ್ ಮಾತ್ರ ನಗಲಿಲ್ಲ. ಕುರ್ಚಿಯ ತುದಿಗೆ ಜರುಗಿ ಕುಳಿತ.

ಸಾತ್ವಿಕ್: ಅತ್ತೆ, ಇನ್ನೊಂದು ಸಲ ಯೋಚನೆ ಮಾಡಿ. ಲೈಫ್ ಜಾಕೆಟ್ ಇರತ್ತೆ. ಪಂಪ್ ನಾನೇ ಹೊಡೀತೀನಿ.

ಅಮಿತಾ: ಏನು?

ಸಾತ್ವಿಕ್: ನಿಮ್ಮ ಪಾಲಿಂದೂ ನಾನೇ ಹೊಡೀತೀನಿ ಅತ್ತೆ. ಬನ್ನಿ. ದಯವಿಟ್ಟು.

ಅಮಿತಾ: ಒಂದು ನಿಮಿಷ. ಫಾರ್ಮಾಲಿಟಿಗೆ ಕರೆದೆ ಅಂದ್ಯಲ್ಲ. ಆಟೋ ತಿರುಗಿದ ಹಾಗೆ, ಲಿಂಬೆ ಚೆನ್ನಾಗಿರತ್ತೆ... ನೀನು ನಿಜವಾಗ್ಲೂ ಕರೀತಿದ್ದೀಯ! ಯಾಕೆ?

ಸಾತ್ವಿಕ್: ಸುಮ್ಮನೆ.

ಅಮಿತಾ: ಸಾತ್ವಿಕ್.

ಸಾತ್ವಿಕ್: ಅವರಿದ್ರೆ ನೀನು ನನ್ನ ಬೈಯಲ್ಲ.

ರಾಜೀವಿಯವರು ಮಗಳನ್ನು ನೋಡಿದರು.

ರಾಜೀವಿ: ನೀನು ಬೈತೀಯಾ ಇವರಿಗೆ?

ಅಮಿತಾ: ಬೈಯಲ್ಲ! ಮೊನ್ನೆ ಕಾರು ಪಾರ್ಕ್ ಮಾಡುವಾಗ ಎರಡು ಮಾತು ಹೇಳಿದ್ದು ಅಷ್ಟೆ.

ಸಾತ್ವಿಕ್: ಕಾರಿಗೆ ಬ್ರೇಕ್ ಇದೆ ಅತ್ತೆ. ಬೋಟಿಗೆ ಬ್ರೇಕ್ ಇಲ್ಲ. ಸಂಜೆ ಆದ್ರೆ ಹಾರ್ಬರಲ್ಲಿ ಹಿಂದುಹಿಂದಾಗಿ ತಂದು, ಎರಡು ದೊಡ್ಡ ಬೋಟ್ ಮಧ್ಯೆ ನಿಲ್ಲಿಸ್ಬೇಕು. ದಡದ ತುಂಬಾ ಹೋಟೆಲ್. ಎಲ್ಲರೂ ಊಟ ಮಾಡ್ತಾ ನಮ್ಮನ್ನೇ ನೋಡ್ತಿರ್ತಾರೆ. ಅಲ್ಲಿ ಗುದ್ದಿದ್ರೆ...

ಅಮಿತಾ: ಗುದ್ದಿದ್ರೆ ಅಂದ್ರೆ? ಫ್ರೀಸ್‌ಲ್ಯಾಂಡಲ್ಲಿ ಕಣ್ಣು ಮುಚ್ಕೊಂಡು ನಿಲ್ಲಿಸಿದೆ ಅಂದಿದ್ದೆ.

ಸಾತ್ವಿಕ್: ಕಣ್ಣು ಮುಚ್ಕೊಂಡಿದ್ದು ನಿಜ. ನಿಲ್ಲಿಸಿದ್ದು ಇನ್‌ಸ್ಟ್ರಕ್ಟರ್.

ಕೆಳಗಿನ ರಸ್ತೆಯಲ್ಲಿ ಯಾರದೋ ಸೈಕಲ್ ಗಂಟೆ ಕೇಳಿಸಿತು. ಸಾತ್ವಿಕ್ ನೆಲ ನೋಡುತ್ತ ಮುಂದುವರಿಸಿದ.

ಸಾತ್ವಿಕ್: ಒಂದಿನ ಕೆರೆಗೆ ಬಿದ್ದೆ. ನಿಂಗೆ ಹೇಳಿಲ್ಲ. ಮುಳುಗ್ತಿದ್ದೀನಿ, ಹೆಲ್ಪ್, ಹೆಲ್ಪ್ ಅಂತ ಕೂಗಿದೆ. ಇನ್‌ಸ್ಟ್ರಕ್ಟರ್ ‘ಎದ್ದು ನಿಂತ್ಕೋ’ ಅಂದ. ನಿಂತ್ಕೊಂಡೆ. ನೀರು ಸೊಂಟದವರೆಗಿತ್ತು. ಗ್ರೀಸಲ್ಲಿ ಬಿದ್ದು ಎದ್ದು ನಿಂತ್ಕೊಳ್ಳೋಕೆ ಆಗಲ್ಲ.

ರಾಜೀವಿ: ಹಾಗಾದ್ರೆ ನಿಮಗೂ ಪೋಡಿಯಾ?

ಸಾತ್ವಿಕ್: ಹೌದು ಅತ್ತೆ. ತಿನ್ನೋದಲ್ಲ, ಇನ್ನೊಂದು.

ಅಮಿತಾ: ಇಷ್ಟು ಹೆದರಿಕೆ ಇಟ್ಕೊಂಡು ಯಾಕೋ ಬುಕ್ ಮಾಡಿದೆ?

ಸಾತ್ವಿಕ್: ಆಫೀಸಲ್ಲಿ ನಾನೇ ಬೋಟ್ ಬಿಡ್ತೀನಿ ಅಂತ ಬಾಯಿ ತಪ್ಪಿ ಹೇಳ್ದೆ. ಈಗ ಎಲ್ಲರೂ ಕ್ಯಾಪ್ಟನ್ ಅಂತಲೇ ಕರೀತಾರೆ. ಕಿಶನ್ ಅಂತೂ ಬೆಳಿಗ್ಗೆ ಮೀಟಿಂಗಲ್ಲಿ ಸಲ್ಯೂಟ್ ಹೊಡೀತಾನೆ. ಜೊತೆಗೆ ನಿಂಗೂ ತುಂಬಾ ಇಷ್ಟ ಇತ್ತಲ್ಲ. ನೀನು ದಿನಾ ರಾತ್ರಿ ಬೋಟಿನ ವಿಡಿಯೋ ನೋಡ್ತಿದ್ದೆ.

ಅಮಿತಾ: ಅವೆಲ್ಲ ಗುದ್ದಿರೋ ಬೋಟಿನ ವಿಡಿಯೋ! ಹೆಂಡ್ತಿ ಮುಂದೆ ಹಗ್ಗ ಹಿಡ್ಕೊಂಡು ನಿಂತಿರ್ತಾಳೆ, ಗಂಡ ಹಿಂದೆ ಕಿರುಚ್ತಿರ್ತಾನೆ, ಆಮೇಲೆ ಢಮಾರ್! ನೋಡಿ ನೋಡಿ ನಿದ್ದೆ ಬರ್ತಿರ್ಲಿಲ್ಲ ನಂಗೆ.

ಸಾತ್ವಿಕ್: ಹೇಳಬಾರದಿತ್ತಾ?

ಅಮಿತಾ: ನಿನ್ನ ಆಸೆ ಅಂದ್ಕೊಂಡೆ. ವರ್ಷವಿಡೀ ಲ್ಯಾಪ್‌ಟಾಪ್ ಮುಂದೆ ಕೂತಿರ್ತೀಯ. ಒಂದು ವಾರ ಕಾಲ್ ಇಲ್ಲ, ಮೀಟಿಂಗ್ ಇಲ್ಲ, ನೀನು ನನ್ನ ಪಕ್ಕದಲ್ಲಿ ಇರ್ತೀಯ ಅಂತ ಒಪ್ಪಿದೆ. ಅದಕ್ಕೆ ಬೋಟೇ ಬೇಕಾದ್ರೆ ಬೋಟೇ ಆಗ್ಲಿ ಅಂತ.

ಸಾತ್ವಿಕ್ ಎದ್ದು ಹೋಗಿ ಅವಳ ಪಕ್ಕದಲ್ಲಿ ಕುಳಿತ. ರಾಜೀವಿಯವರು ಅವರ ಕಡೆ ನೋಡದೆ, ಆಗಲೇ ಬಿಡಿಸಿ ಮುಗಿದಿದ್ದ ಕೊತ್ತಂಬರಿಯನ್ನು ಮತ್ತೆ ಬಿಡಿಸಿದರು.

ರಾಜೀವಿ: ಅಲ್ಲಾ, ನಿಮಗೆ ಬೇಕಾದದ್ದು ಒಟ್ಟಿಗೆ ಇರ್ಲಿಕ್ಕೆ. ಬೋಟು ನೀವೇ ಬಿಡ್ಬೇಕು ಅಂತ ಹರಕೆ ಉಂಟಾ? ಬಿಡುವವರು ಯಾರೂ ಸಿಗುದಿಲ್ವಾ ಆ ಊರಲ್ಲಿ?

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು.

ಸಾತ್ವಿಕ್: ಸ್ಕಿಪ್ಪರ್ ಸಿಗ್ತಾರೆ. ಬೋಟ್ ಕೊಡೋ ಕಂಪನಿಯವರನ್ನ ಕೇಳಿದ್ರೆ ಕಳಿಸ್ತಾರೆ.

ಅಮಿತಾ: ಕೇಳು.

ಸಾತ್ವಿಕ್: ಆಫೀಸಲ್ಲಿ ಏನಂತಾರೆ?

ಅಮಿತಾ: ನಿನ್ನ ಆಫೀಸಿಗೆ ನಾನೇ ಬಂದು ಸಲ್ಯೂಟ್ ಹೊಡೀತೀನಿ. ಫೋನ್ ಮಾಡು.

ಫೋನು ಎತ್ತಿದ್ದು ಗ್ರೀಕ್ ಹುಡುಗಿಯೊಬ್ಬಳು. ಅವಳ ಹಿಂದೆ ಯಾರೋ ಪಾತ್ರೆ ಬೀಳಿಸಿದ ಹಾಗೆ, ಗಾಳಿಗೆ ಹಗ್ಗ ಬಡಿಯುವ ಹಾಯಿಕಂಬಗಳ ಸದ್ದು. ಸಾತ್ವಿಕ್ ಇಂಗ್ಲಿಷಿನಲ್ಲಿ ಬಹಳ ಗಂಭೀರವಾಗಿ, ಗಾಳಿಯ ಪರಿಸ್ಥಿತಿ, ಸುರಕ್ಷತೆ, ಕುಟುಂಬದ ಜವಾಬ್ದಾರಿ ಎಂದೆಲ್ಲ ಶುರುಮಾಡಿದ. ಆ ಹುಡುಗಿ ಎಲ್ಲ ಕೇಳಿಸಿಕೊಂಡು, ‘ಸ್ಕಿಪ್ಪರ್ ಬೇಕು, ಅಷ್ಟೇ ತಾನೇ?’ ಎಂದಳು. ‘ಅಷ್ಟೇ’ ಎಂದ ಸಾತ್ವಿಕ್. ಎರಡು ಮಾತಿನಲ್ಲಿ ಕೆಲಸ ಮುಗಿಯಿತು. ಫೋನಿಟ್ಟವನ ಭುಜ ಅಂಗಿಯೊಳಗೆ ಒಂದಿಷ್ಟು ಕೆಳಗಿಳಿದದ್ದು ಅಮಿತಾಳಿಗೆ ಕಾಣಿಸಿತು.

ಸಾತ್ವಿಕ್: ಸ್ಪೀರೋ ಅಂತ ಒಬ್ಬರು ಬರ್ತಾರಂತೆ. ಅಲ್ಲೇ ಹುಟ್ಟಿ ಬೆಳೆದವರು, ಮೂವತ್ತು ವರ್ಷದಿಂದ ಇದೇ ಕೆಲಸ. ಹಾರ್ಬರಲ್ಲಿ ಅವರೇ ನಿಲ್ಲಿಸ್ತಾರೆ. ಮಧ್ಯ ಸಮುದ್ರದಲ್ಲಿ, ಗುದ್ದೋಕೆ ಏನೂ ಇಲ್ಲದ ಕಡೆ, ನನಗೂ ಬಿಡೋಕೆ ಕೊಡ್ತಾರೆ.

ಅಮಿತಾ: ಆಗ ಫೋಟೋ ತೆಗೀತೀನಿ. ಕಿಶನ್‌ಗೆ ಕಳಿಸು.

ಸಾತ್ವಿಕ್: ಮೂರು ಕ್ಯಾಬಿನ್ ಇದೆ. ನಮಗೊಂದು, ಅವರಿಗೊಂದು. ಒಂದು ಖಾಲಿ, ಬ್ಯಾಗ್ ಇಡೋಕೆ ಆಗತ್ತೆ.

ಅಮಿತಾ: ಅಬ್ಬ! ಇವತ್ತು ರಾತ್ರಿ ನಿದ್ದೆ ಮಾಡ್ತೀನಿ.

ರಾಜೀವಿಯವರು ಸೊಪ್ಪಿನ ಬುಟ್ಟಿಯನ್ನು ಮೆಲ್ಲನೆ ಪಕ್ಕಕ್ಕಿಟ್ಟರು. ಸೀರೆಯ ಮೇಲಿನ ಎಲೆಗಳನ್ನು ಒಂದೊಂದಾಗಿ ಕೊಡವಿದರು.

ರಾಜೀವಿ: ಮೂವತ್ತು ವರ್ಷದ ಸರ್ವಿಸ್ಸಾ ಅವರಿಗೆ?

ಸಾತ್ವಿಕ್: ಹೌದು ಅತ್ತೆ.

ರಾಜೀವಿ: ಬ್ಯಾಗನ್ನು ಬೋಟಿನ ಸೋಫಾದ ಅಡಿಯಲ್ಲೂ ಇಡ್ಬಹುದಲ್ಲ?

ಅಮಿತಾ: ಅಮ್ಮಾ?

ರಾಜೀವಿ: ಅಲ್ಲ, ಖಾಲಿ ಕೋಣೆ ಸುಮ್ಮನೆ ಹೋಗ್ತದಲ್ಲ ಅಂತ. ಮೂರು ದಿನ ಬಂದು, ನಾಲ್ಕನೇ ದಿನ ಯಾವುದಾದ್ರೂ ದ್ವೀಪದಲ್ಲಿ ಇಳಿದು ಹೋಟೆಲಿನಲ್ಲಿ ಕೂತ್ಕೊಳ್ತೇನೆ. ಮತ್ತೆ ಉಳಿದ ದಿನ ನೀವಿಬ್ರೇ.

ಅಮಿತಾ: ಬರುದು ಬೇಡ ಅಂದಾಗ ಎಂತ ಬೇಜಾರು ಅಂದ್ಯಲ್ಲ! ಹೆದರಿಕೆ ಆಗ್ತದೆ ಅಂದ್ಯಲ್ಲ!

ರಾಜೀವಿ: ಅದು ಅಳಿಯ ಬಿಡುವ ಬೋಟಿಗೆ ಹೇಳಿದ್ದು.