ಅಡುಗೆಮನೆಯ ಗೋಡೆ ಎಂಬ ಪ್ರಾಜೆಕ್ಟು

ಹೋದ ಸಲ ಬಂದಾಗ ಇಂದೂ ಅಕ್ಕ ಒಂದು ಮಾತನ್ನೂ ಆಡಿರಲಿಲ್ಲ. ತಂಗಿಯ ಅಡುಗೆಮನೆಯ ಗೋಡೆಗೆ ಬೆರಳು ತಾಗಿಸಿ, ಆ ಬೆರಳನ್ನು ಬೆಳಕಿಗೆ ಹಿಡಿದು ನೋಡಿ, ಒರೆಸಿಕೊಂಡಿದ್ದಳು. (ಸೆರಗಿಗಲ್ಲ, ಚೀಲದಿಂದ ಕರವಸ್ತ್ರ ತೆಗೆದು.) ಅಷ್ಟು ಸಾಕಾಯಿತು. ಕೋಥರೂಡದ ಆ ಫ್ಲ್ಯಾಟಿನಲ್ಲಿ ಒಗ್ಗರಣೆ ಸಿಡಿದಾಗಲೆಲ್ಲ ಗೋಡೆಯ ಮೇಲೆ ಹೊಸದಾಗಿ ಅರಳಿದ ಎಣ್ಣೆಯ ಹೂಗಳನ್ನು ನೋಡಿ ಆರತಿ ಅಕ್ಕನಿದ್ದ ಬೆಳಗಾವಿಯ ದಿಕ್ಕಿಗೆ ಮುಖಮಾಡಿ ನಿಟ್ಟುಸಿರಿಡುತ್ತಿದ್ದಳು.

ಈಗ ಅದೇ ಅಕ್ಕ ದೇವರ ದರ್ಶನಕ್ಕೆಂದು ಜೇಜುರಿಗೆ ಹೊರಟವಳು, ಬರುವ ರವಿವಾರ ದಾರಿಯಲ್ಲಿ ಇಲ್ಲಿ ಊಟಕ್ಕೆ ಇಳಿಯುವವಳಿದ್ದಳು.

"ಏನ್ರಿ, ಅಕ್ಕ ಬರೂದ್ರೊಳಗ ಗ್ವಾಡಿಗೆ ಬಣ್ಣ ಆಗಬೇಕು. ಇಲ್ಲಾಂದ್ರ ನಾ ಅಕಿಗೆ ಮಾರಿ ತೋರಸೂದಿಲ್ಲ."

ಅವಳ ಗಂಡ ಮನೋಹರ ಆ ವಾರವಷ್ಟೇ ಹಿಂಜವಾಡಿಯ ತನ್ನ ಕಂಪನಿಯಲ್ಲಿ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟಿನ ತರಬೇತಿ ಮುಗಿಸಿದ್ದ. ಜಗತ್ತಿನಲ್ಲಿ ಅವನ ಕಣ್ಣಿಗೆ ಈಗ ಸಾದಾ ಕೆಲಸವೆಂಬುದೇ ಉಳಿದಿರಲಿಲ್ಲ.

"ಬಣ್ಣ ಅನಬ್ಯಾಡ. ಪ್ರಾಜೆಕ್ಟ್ ಅನ್ನು."

"ಏನರ ಅಂತೀನ್ರಿ. ಬಣ್ಣ ಆಗಲಿ."

ಪ್ರಾರಂಭೋತ್ಸವದ ಸಭೆ ಚಹಾ, ಚುರಮುರಿಯೊಂದಿಗೆ ನಡೆಯಿತು. (ಸಭಾಸದರು ಒಬ್ಬರೇ, ಚಹಾ ಮಾಡಿದವರೂ ಅವರೇ.) ಆರಂಭ, ಯೋಜನೆ, ಅನುಷ್ಠಾನ, ನಿಗಾ, ಸಮಾಪ್ತಿ ಎಂದು ಮನೋಹರ ಐದು ಹಂತಗಳನ್ನು ಪಂಚಾಮೃತದಂತೆ ಒಂದೊಂದೇ ಚಮಚ ಕೊಟ್ಟ. ಫ್ರಿಜ್ಜಿನ ಬಾಗಿಲಿಗೆ ಬಣ್ಣಬಣ್ಣದ ನಕ್ಷೆ ಅಂಟಿತು.

"ಈ ಹಳದಿ ಗೆರಿ ಏನ್ರಿ?"

"ಬಫರ್. ಏನರ ಅಡಚಣಿ ಬಂದ್ರ ಇರಲಿ ಅಂತ ಕಡೀಕ ಎರಡು ದಿವಸ ಖಾಲಿ."

"ಗ್ವಾಡಿಗೆ ಇದ ಬಣ್ಣ ಹಚ್ಚಸ್ರಿ. ಚಂದ ಅದ."

ಇನ್ನೊಂದು ನಿಯಮವಿತ್ತು. ಬಣ್ಣ ಹಚ್ಚುವ ಬಾಳು ಕನ್ನಡ ಬಾರದ ಮರಾಠಿಯವನು. ಬೆಳಗಾವಿಯಲ್ಲಿ ಬೆಳೆದ ಆರತಿಯ ಮರಾಠಿ ಕೇಳಿ ಕಾಯಿಪಲ್ಲೆಯವರು ಅವಳನ್ನು ಇದೇ ಊರಿನ ಯಾವ ಪೇಠೆಯವರು ಎಂದು ವಿಚಾರಿಸುತ್ತಿದ್ದರು. ಗದಗಿನ ಮನೋಹರನ ಮರಾಠಿ ಸಿಟಿ ಬಸ್ಸಿನ ತಿಕೀಟಿನ ಆಚೆ ಹೋಗುತ್ತಿರಲಿಲ್ಲ. ಆದರೂ ಅವನು ಘೋಷಿಸಿದ: "ಬಾಳೂನ ಜೋಡಿ ನಾ ಒಬ್ಬನ ಮಾತಾಡಾಂವ. ಎರಡು ಬಾಯಿ ಆದ್ರ ಪ್ರಾಜೆಕ್ಟ್ ಕೆಡತದ."

"ಒಂದ ಬಾಯಿ, ಅದೂ ನಿಮ್ದು," ಎಂದು ಆರತಿ ಚಹಾದ ಬಟ್ಟಲು ಎತ್ತಿಕೊಂಡು ಹೋದಳು.

ಸೋಮವಾರ ಅಡುಗೆಮನೆ ಹಾಲಿಗೆ ವಲಸೆ ಬಂತು. ಕುಕ್ಕರು ಟೀವಿಯ ಮೇಲೆ, ಅಕ್ಕಿಯ ಡಬ್ಬಿ ಸೋಫಾದ ಪಕ್ಕ, ಸೀಮೆಎಣ್ಣೆಯ ಸ್ಟೋವು ಬಾಲ್ಕನಿಯಲ್ಲಿ. ಸಂಜೆ ಮನೋಹರ ಕಂಪನಿ ಬಸ್ಸಿಳಿದು ಬಂದಾಗ ಬಾಳು ಗೋಡೆ ಕೆರೆದು ಮುಗಿಸಿ ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಿದ್ದ.

"ಉದ್ಯಾ ಯೇತೋ ಸಾಹೇಬ. ಜರಾ ಉಶೀರ ಹೋಈಲ."

ನಾಳೆ ಬರ್ತೀನಿ, ಸ್ವಲ್ಪ ತಡ ಆಗ್ತದ, ಎಂಬಷ್ಟು ಮನೋಹರನಿಗೂ ತಿಳಿಯಿತು. ಕೆಲಸಗಾರನ ಮೇಲೆ ವಿಶ್ವಾಸವಿಡಬೇಕೆಂದು ತರಬೇತಿಯಲ್ಲಿ ಹೇಳಿದ್ದರು. ಅವನು ಉದಾರವಾಗಿ ಬಾಳುವಿನ ಭುಜ ತಟ್ಟಿದ.

"ಪರವಾ ಇಲ್ಲ, ಪರವಾ ಇಲ್ಲ."

ಬಾಳು ಒಂದು ಕ್ಷಣ ಯೋಚಿಸಿದ. ಆಮೇಲೆ ಮುಖ ಅರಳಿಸಿ, "ಚಾಲೇಲ," ಆಗಲಿ ಎಂದು ಹೇಳಿ, ಮೆಟ್ಟಿಲಿಳಿದ.

ಮಂಗಳವಾರ ಅವನು ಬರಲಿಲ್ಲ. ಬುಧವಾರ ಸಿಳ್ಳೆ ಹಾಕುತ್ತ ಬಂದ.

"ನಿನ್ನೆ ಯಾಕ ಬರಲಿಲ್ಲ, ಕೇಳ್ರಿ ಅವನ್ನ," ಎಂದಳು ಆರತಿ.

"ಹಂಗ ಕೇಳಬಾರದು. ಹುರುಪು ಕುಗ್ಗತದ. ಮುಂದೇನು ಅಂತಷ್ಟ ಕೇಳಬೇಕು."

"ಹಂಗಾರ ನಾ ಕೇಳತೀನಿ ಬಿಡ್ರಿ."

"ಒಂದ ಬಾಯಿ, ಆರತಿ."

ಅಂದು ಸಂಜೆಯೂ ಬಾಗಿಲಲ್ಲಿ ಅದೇ ಉಶೀರ, ಅದೇ ಔದಾರ್ಯ. ಆರತಿ ಆಗ ಬಾಲ್ಕನಿಯಲ್ಲಿ ಸ್ಟೋವಿಗೆ ಪಂಪು ಹೊಡೆಯುತ್ತಿದ್ದಳು. ಗುರುವಾರ ಬಾಳು ನಾಪತ್ತೆ. ಶುಕ್ರವಾರ ಬಂದು ಮೂರು ಗೋಡೆ ಮುಗಿಸಿದ. ಒಲೆಯ ಹಿಂದಿನದು, ಎಲ್ಲಕ್ಕಿಂತ ಕಪ್ಪಾದದ್ದು, ಉಳಿಯಿತು. ಶನಿವಾರ ಮತ್ತೆ ಸುಳಿವಿಲ್ಲ. ಹಳದಿ ಗೆರೆ ಮುಗಿದುಹೋಯಿತು. ಮನೋಹರ ನಕ್ಷೆಯ ಅಂಚಿನಲ್ಲಿ, ಅಪಾಯಗಳು ಎಂಬಲ್ಲಿ, "ಬಾಳುವಿನ ಸ್ವಭಾವ" ಎಂದು ಬರೆದ. ಆರತಿ ಮಾತು ಬಿಟ್ಟಳು.

ರವಿವಾರ ಬಾಗಿಲ ಗಂಟೆ ಸದ್ದು ಮಾಡಿತು. ತೆರೆದರೆ ಇಂದೂ ಅಕ್ಕ. ಅವಳ ಹಿಂದೆಯೇ, ಬಕೀಟು ಹಿಡಿದ ಬಾಳು. ಇಬ್ಬರೂ ಮೆಟ್ಟಿಲುದ್ದಕ್ಕೂ ಮರಾಠಿಯಲ್ಲಿ ಸುಖದುಃಖ ಹಂಚಿಕೊಂಡು ಬಂದಂತಿತ್ತು.

ಒಂದೇ ಬಾಯಿಯ ನಿಯಮ ಅಲ್ಲಿಗೆ ಮುರಿಯಿತು. ಆರತಿಯ ಮರಾಠಿ ಆರು ದಿನ ತಡೆದಿಟ್ಟ ನಳದಂತೆ ಸುರಿಯಿತು. ಬಾಳು ಕಂಗಾಲಾಗಿ ಮನೋಹರನತ್ತ ಬೊಟ್ಟು ಮಾಡಿದ.

"ಸಾಹೇಬಚ ಮ್ಹಣಾಲೇ, ಪರವಾ. ದರ ವೇಳೀ." ಪ್ರತಿ ಸಲವೂ ಸಾಹೇಬರೇ ಹಾಗೆ ಹೇಳಿದರು, ಎಂದು ಅವನ ದೂರು.

ಇಂದೂ ಅಕ್ಕ ಮನೋಹರನನ್ನು ನೋಡಿದಳು. "ನೀವು ಅಂವಗ ಏನಂದ್ರಿ?"

"ಪರವಾ ಇಲ್ಲ ಅಂದೆ, ಅಕ್ಕಾ. ಬ್ಯಾರೆ ಏನೂ ಅಂದಿಲ್ಲ."

ಅವಳು ಅಕ್ಕಿಯ ಡಬ್ಬಿಯ ಮೇಲೆಯೇ ಕುಳಿತು ನಗತೊಡಗಿದಳು. "ಮರಾಠಿಯೊಳಗ ಪರವಾ ಅಂದ್ರ ನಾಡದು ರೀ. ಪಾಪ, ಅಂವಾ ನಾಳೆ ಬರತೀನಿ ಅಂತಾನ, ನೀವು ನಾಡದು ಬಾ ಅಂತೀರಿ."

"ಅದರ ಮುಂದ 'ಇಲ್ಲ' ಅಂತನೂ ಅಂದೇನಲ್ಲ?"

ಅಕ್ಕ ಅದನ್ನೂ ವಿಚಾರಿಸಿದಳು. ಆ ಇಲ್ಲ ಎಂಬುದು ಸಾಹೇಬರ ಊರಿನ ಕಡೆಯ ಮರ್ಯಾದೆಯ ಮಾತಿರಬೇಕೆಂದು ಬಾಳು ತಿಳಿದಿದ್ದನಂತೆ. ಮರೆಯಬಾರದೆಂದೇ ಎರಡೆರಡು ಸಲ ಹೇಳಿದರಲ್ಲ, ಎಂದ. ಎಲ್ಲರೂ ನಕ್ಕರು. ಯಾಕೆಂದು ತಿಳಿಯದಿದ್ದರೂ ಬಾಳುವೂ ಒಂದಿಷ್ಟು ನಕ್ಕು, ಒಳಗೆ ಹೋಗಿ ಏಣಿ ಹತ್ತಿ, ಉಳಿದ ಗೋಡೆಗೆ ಕುಂಚ ಇಟ್ಟ.

ಆರತಿ ಮಾತ್ರ ನಗಲಿಲ್ಲ. ಅವಳ ಕಣ್ಣು ಅಕ್ಕನ ಬೆರಳ ಮೇಲಿತ್ತು. ಆ ಬೆರಳು ಶುಕ್ರವಾರದ ಗೋಡೆಯನ್ನು ಮುಟ್ಟಿತು, ಬೆಳಕಿಗೆ ಏರಿತು, ತಿರುಗಿತು.

"ಭಾಳ ಸ್ವಚ್ಛ ಅದ ಆರತಿ. ನಮ್ಮ ಮನ್ಯಾಗೂ ಹಿಂಗಿಲ್ಲ."

ಆರತಿಯ ಮುಖದಲ್ಲಿ ವರ್ಷದ ನಂತರ ದೀಪ ಹೊತ್ತಿತು. "ಆ ಗ್ವಾಡಿನೂ ಇವತ್ತ ಆಗತದ ಅಕ್ಕಾ. ನೋಡಿ ಹೋಗು," ಎಂದಳು. ಗಂಡನ ಕಡೆಗೂ ಅರ್ಧ ನಗೆ ಬೀರಿದಳು. ಮನೋಹರ ಸಮಾಪ್ತಿಯ ಹಂತಕ್ಕೆ ಬಂದೆನೆಂದು ಉಸಿರುಬಿಟ್ಟ.

"ನಾನ ತಪ್ಪು ವ್ಯಾಳ್ಯಾದಾಗ ಬಂದೆ ನೋಡ್ರಿ," ಎಂದು ಇಂದೂ ಅಕ್ಕ ಸಂಕೋಚಪಟ್ಟಳು. "ನಿಮಗೂ ತ್ರಾಸು."

ಮನೋಹರ ತುಂಬು ಹೃದಯದಿಂದ, ಎರಡು ಕೈಯನ್ನೂ ಆಡಿಸಿದ. "ಏ, ಪರವಾ ಇಲ್ಲ ಅಕ್ಕಾ, ಪರವಾ ಇಲ್ಲ."

ಅಡುಗೆಮನೆಯಲ್ಲಿ ಕುಂಚದ ಸದ್ದು ನಿಂತಿತು.

"ಚಾಲೇಲ ಸಾಹೇಬ," ಎಂದು ಬಾಳು ವಿಧೇಯನಾಗಿ ಏಣಿ ಇಳಿಯತೊಡಗಿದ.