ಹೊಟ್ಟೆಯೊಳಗಿನ ಫ್ಯಾನಿಗೂ ಪಾಯಿಂಟು!

ಕಂಪ್ಯೂಟರಿನ ಹೊಟ್ಟೆಯೊಳಗಿದ್ದ ಅಂಗೈಯಗಲದ ಫ್ಯಾನಿಗೂ ಲೆಕ್ಕ ಹಾಕಿದ ರಮಾನಾಥನನ್ನು ಖಂಡಪ್ಪ ಇವತ್ತಿಗೂ ಕ್ಷಮಿಸಿಲ್ಲ.

ಜೋಗೇಶ್ವರಿಯ ಆ ಚಾಳಿನ ಅಷ್ಟೂ ಖೋಲಿಗಳಿಗೆ ಇದ್ದುದು ಒಂದೇ ಕರೆಂಟು ಮೀಟರು. ಯಾರ ಖೋಲಿಯಲ್ಲಿ ಎಷ್ಟು ದೀಪ, ಎಷ್ಟು ಫ್ಯಾನು ಎಂದು ಎಣಿಸಿ, ಒಂದೊಂದಕ್ಕೂ ಒಂದೊಂದು ಪಾಯಿಂಟು ಹಾಕಿ ಬಿಲ್ಲು ಹಂಚುವ ಮಹಾನ್ಯಾಯಾಧೀಶನೇ ಸೆಕ್ರೆಟರಿ ರಮಾನಾಥ. ೧೯೯೧ರ ಬೇಸಿಗೆಯಲ್ಲಿ ಖಂಡಪ್ಪನ ಮಗಳು ಶಾಮಲಾ ಆಫೀಸಿನ ಟೈಪಿಂಗ್ ಕೆಲಸಕ್ಕೆಂದು ಒಂದು ತಿಂಗಳ ಮಟ್ಟಿಗೆ ಕಂಪ್ಯೂಟರನ್ನು ಮನೆಗೆ ತಂದದ್ದೇ ತಡ, ರಮಾನಾಥ ಅದರ ಬೆನ್ನಿಗೆ ಕಿವಿ ಹಚ್ಚಿ ತೀರ್ಪು ಕೊಟ್ಟ: "ಟಿವಿಯ ಹಾಗೆ ಕಾಣ್ತದೆ, ಒಂದು ಪಾಯಿಂಟು. ಒಳಗೆ ಗುಂಯ್ ಅಂತದೆ. ಫ್ಯಾನು! ಇನ್ನೊಂದು ಪಾಯಿಂಟು."

"ಅದೊಂದು ಫ್ಯಾನೇನ್ರಿ? ಅದರ ಗಾಳಿಗೆ ನೊಣ ಸೈತ ಹಾರೂದಿಲ್ಲ!" ಖಂಡಪ್ಪ ಗುಡುಗಿದ. "ಐತವಾರ ಬರ್ರಿ, ಸೆಕ್ರೆಟರಿ ಸಾಹೇಬ್ರ. ಫ್ಯಾನ್ ಇಲ್ದಂಗ ಒಂದು ತಾಸು ಈ ಡಬ್ಬಿ ನಡಸಿ ತೋರಸ್ತೀನಿ. ಆಗಲಿಲ್ಲಂದ್ರ ಈ ಮೀಸಿ ಬೋಳಸ್ತೀನಿ!"

ಆ ಮೀಸೆ ಸಾಮಾನ್ಯದ್ದಲ್ಲ. ನಾಲ್ಕನೇ ಈಯತ್ತೆಗೆ ಶಾಲೆ ಬಿಟ್ಟವನ ಬಳಿ ಇದ್ದ ಒಂದೇ ಸರ್ಟಿಫಿಕೇಟು ಅದು.

ಶಾಮಲಾ ಹಣೆ ಚಚ್ಚಿಕೊಂಡಳು. "ಪಪ್ಪಾ, ಸುನೋ ತೋ! ಇದು ತಗೊಳ್ಳೋ ಕರೆಂಟಿನಾಗ ಮೂರರಾಗ ಒಂದು ಪಾಲು ಒಳಗಿನ ಪವರ್ ಸಪ್ಲೈದಾಗ ಸುಮ್ನ ಬಿಸಿ ಆಗಿ ಹೋಗ್ತದ. ಆ ಬಿಸಿ ಹೊರಗ ತಳ್ಳಾಕ ಫ್ಯಾನ್ ಬೇಕ ಬೇಕು."

"ಅಂದ್ರ ಮೂರು ರೊಟ್ಟಿ ತಿಂದು ಎರಡು ರೊಟ್ಟಿ ಕೆಲಸ ಮಾಡ್ತದ! ಅಂಥಾ ಮೈಗಳ್ಳಗ ಗಾಳಿ ಬ್ಯಾರೆ ಹಾಕಬೇಕೇನು?"

ಐತವಾರ ಶಾಮಲಾ ಗೆಳತಿಯ ಮನೆಗೆಂದು ಸಾಂತಾಕ್ರೂಜಿಗೆ ಹೋದಳು. ರಮಾನಾಥ ಬಂದು ಕುರ್ಚಿ ಎಳೆದುಕೊಂಡು, ಕೈಗಡಿಯಾರ ನೋಡುತ್ತ ಕುಳಿತ. ಖಂಡಪ್ಪ ಕಂಪ್ಯೂಟರು ಚಾಲೂ ಮಾಡಿ, ಅದರ ಹಿಂದಿನ ಜಾಲರಿಯೊಳಗೆ ಕಸಬರಿಗೆಯ ಕಡ್ಡಿಯೊಂದನ್ನು ತುರುಕಿದ. ಫ್ಯಾನು ಗಪ್ಪಾಯಿತು.

"ಕೇಳ್ರಿ! ಸಪ್ಪಳ ಐತೇನು?"

ಕಾಲು ತಾಸು ಕಳೆಯಿತು. ಚಹಾ ತಂದ ಹೆಂಡತಿ ಇಂದ್ರಾಬಾಯಿ ಮೂಗು ಅರಳಿಸಿದಳು. "ಏನೋ ಸುಟ್ಟ ವಾಸ್ನಿ ಬರಾಕತ್ತೈತ್ರಿ."

"ನಿನ್ನ ಚಹಾ ಇರಬೇಕು!" ಎಂದನಾದರೂ ಖಂಡಪ್ಪ ಮೆಲ್ಲಗೆ ಡಬ್ಬಿ ಮುಟ್ಟಿ ನೋಡಿದ. ರೊಟ್ಟಿಯ ಹಂಚು! ಪೇಪರಿನಿಂದ ಬೀಸಿದ. ಬಾಯಿಂದ ಊದಿದ. ಮೀಸೆಯ ತುದಿಯಿಂದ ಬೆವರು ತೊಟ್ಟಿಕ್ಕಿತು. ಇನ್ನೂ ಮುಕ್ಕಾಲು ತಾಸು! ಕೊನೆಗೆ ಮಂಚದ ಕೆಳಗೆ ಬಗ್ಗಿ, ಚಾದರ ಹೊದ್ದು ಮಲಗಿದ್ದ ಟೇಬಲ್ ಫ್ಯಾನನ್ನು ಎಳೆದು ಚಾಲೂ ಮಾಡಿದ.

"ಬಂದ ಮಂದಿಗೆ ಗಾಳಿ ಬ್ಯಾಡೇನು?"

"ನಾನು ಇಲ್ಲಿ ಕೂತಿದ್ದೇನೆ ಮಾರಾಯ್ರೇ, ಗಾಳಿ ಕಂಪ್ಯೂಟರಿಗೆ ಹೋಗ್ತಾ ಉಂಟು." ರಮಾನಾಥ ಚಹಾದ ಬಸಿ ಕೆಳಗಿಟ್ಟ. "ಅದಿರ್ಲಿ. ಈ ಫ್ಯಾನು ಯಾವುದು? ನನ್ನ ಪಟ್ಟಿಯಲ್ಲಿ ಇಲ್ವಲ್ಲ?"

ಖಂಡಪ್ಪ ಬಾಯಿ ತೆರೆಯುವ ಮೊದಲೇ ಇಂದ್ರಾಬಾಯಿ ಹೆಮ್ಮೆಯಿಂದ ಹೇಳಿದಳು: "ತಂದು ಎರಡು ವರ್ಷಾತ್ರಿ. ಇನ್ನೂ ಹೊಸಾದ್ರಂಗ ಐತಿ ನೋಡ್ರಿ. ನೀವು ಎಣಿಸಾಕ ಬರೋ ದಿನ ಅಷ್ಟ ಮಂಚದ ಬುಡಕ ಇಡ್ತಾರ."

ಕಂಪ್ಯೂಟರಿಗೂ ನಾಚಿಕೆಯಾಗಿರಬೇಕು. ಪರದೆ ಒಮ್ಮೆ ಕಣ್ಣು ಮಿಟುಕಿಸಿ ಕಪ್ಪಾಯಿತು.

ಸಂಜೆ ಶಾಮಲಾ ಬಂದು ಕಡ್ಡಿ ಎಳೆದು ಎಸೆದಳು. ಬಿಸಿಯೆಲ್ಲ ಆರಿದ್ದ ಡಬ್ಬಿ ಮತ್ತೆ ಗುಂಯ್ ಎಂದಿತು. ತಿಂಗಳು ತುಂಬಿದ ದಿನ ಸುಖವಾಗಿ ಆಫೀಸಿಗೂ ಮರಳಿತು. ಡಬ್ಬಿಯ ಎರಡು ಪಾಯಿಂಟಿನ ಜೊತೆಗೆ ಟೇಬಲ್ ಫ್ಯಾನಿನ ಎರಡು ವರ್ಷದ ಪಾಯಿಂಟುಗಳನ್ನೂ ಖಂಡಪ್ಪ ಹಲ್ಲು ಕಡಿಯುತ್ತ ತೀರಿಸಿದ.

ಮೀಸೆ? ದೀಪಾವಳಿ ಆಗಲಿ ಎಂದ. ಯುಗಾದಿ ಆಗಲಿ ಎಂದ. ಇವತ್ತಿಗೂ ಮೆಟ್ಟಿಲಲ್ಲಿ ರಮಾನಾಥ ಎದುರಾದರೆ ಸಾಕು, ಖಂಡಪ್ಪನಿಗೆ ತಟ್ಟನೆ ನೆಗಡಿ ಬರುತ್ತದೆ. ಮೂಗಿನ ಕೆಳಗೆ ಟವೆಲು ಒತ್ತಿಕೊಂಡು ಸರಸರ ಇಳಿದುಬಿಡುತ್ತಾನೆ.