ಬೊಚ್ಚುಬಾಯಿಯ ಗುಮ್ಮ

ಆ ದಿನ ಬೆಳಿಗ್ಗೆ ಇರಕಲ್ಲಗಡದ ಮೇಲೆ ಮೋಡ ಕವಿದಿತ್ತು. ಕರೆಯದೆ ಬಂದ ಅಳಿಯನಂತೆ ಮಳೆ, ಒಳಗೆ ಬರಲೋ ಬೇಡವೋ ಎಂದು ಊರ ಹೊರಗೇ ನಿಂತಿತ್ತು. ಓಬಳೆಪ್ಪ ಎದ್ದು ಕಟ್ಟೆಗೆ ಬಂದು, ರಾತ್ರಿ ಹಲ್ಲಿನ ಸೆಟ್ ತೆಗೆದಿಟ್ಟಿದ್ದ ಸ್ಟೀಲ್ ಲೋಟದೊಳಗೆ ಕೈಹಾಕಿದ. ನೀರಿತ್ತು. ಹಲ್ಲಿರಲಿಲ್ಲ.

ಬೇರೆ ದಿನವಾಗಿದ್ದರೆ ಅಂಬಲಿ ಕುಡಿದು ಸುಮ್ಮನಾಗುತ್ತಿದ್ದ. ಇವತ್ತು ಹತ್ತು ಗಂಟೆಗೆ ಅಂಗನವಾಡಿಯಲ್ಲಿ ಅವನು ಕತೆ ಹೇಳಬೇಕಿತ್ತು.

ಆ ಕತೆಯ ಹಿಂದೆ ಒಂದು ತಪ್ಪಿತ್ತು. ಓಬಳೆಪ್ಪ ಊರಿಗೆ ನಳದ ನೀರು ಬಿಡುತ್ತಿದ್ದವನು. ಮಕ್ಕಳು ನೀರಿನ ಟ್ಯಾಂಕಿ ಹತ್ತಬಾರದೆಂದು, "ಮ್ಯಾಲೆ ಗುಮ್ಮ ಅದಾನ, ಎಲುಬು ಸೈತ ಬಿಡಂಗಿಲ್ಲ" ಎಂದು ಹೆದರಿಸಿಬಿಟ್ಟಿದ್ದ. ಹತ್ತುವುದೇನೋ ನಿಂತಿತು. ಆದರೆ ಪಕ್ಕದ ಮನೆಯ ಸರ್ದಾರಬೀಯ ಮೊಮ್ಮಗಳು, ಐದು ವರ್ಷದ ಉಜ್ಮಾ, ನಳದ ನೀರು ಕುಡಿಯುವುದನ್ನೂ ಬಿಟ್ಟಳು, ನಿದ್ದೆಯಲ್ಲಿ ಬೆಚ್ಚತೊಡಗಿದಳು. ಮಗುವಿನ ನಿದ್ದೆ ಕೆಡಿಸಿದ ಬಾಯಿಂದ ದೇವರ ಹೆಸರು ಹೇಳಲು ಓಬಳೆಪ್ಪನಿಗೆ ನಾಚಿಕೆಯಾಗುತ್ತಿತ್ತು. ಅದಕ್ಕೇ ನಿನ್ನೆ ಸಂಜೆ ಅವಳನ್ನು ಕೂಡಿಸಿಕೊಂಡು ಕತೆಯನ್ನು ತಿದ್ದಿದ್ದ.

"ಗುಮ್ಮಗ ಈಗ ವಯಸ್ಸಾಗೇತವ್ವಾ. ಹಲ್ಲೆಲ್ಲಾ ಉದರಿ ಬೊಚ್ಚುಬಾಯಾಗೇತಿ. ರೊಟ್ಟಿ ತಿನ್ನಾಕ ಬರದ, ಪಾಪ, ಹಸ್ಗೊಂಡು ಕುಂತಾನ."

ಉಜ್ಮಾ ಕಣ್ಣೊರೆಸಿಕೊಂಡಿದ್ದಳು. ಅದೇ ಕತೆಯನ್ನು ಇವತ್ತು ಉಳಿದ ಮಕ್ಕಳಿಗೂ ಹೇಳಿ, ಮಾಡಿದ ತಪ್ಪನ್ನು ತೊಳೆದುಕೊಳ್ಳುವುದಿತ್ತು.

ಹಲ್ಲು ಕಳೆದ ಸುದ್ದಿಗೆ ಓಣಿ ಕೂಡಿತು.

"ಕಾಗಿ ಒಯ್ದಿರಬೇಕ್ರಿ ಅಣ್ಣಾ," ಎಂದಳು ಸರ್ದಾರಬೀ. "ಹೋದ ವರ್ಷ ನನ್ನ ಸಾಬೂನು ಒಯ್ದಿತ್ತು."

"ಕಾಗಿ ಹಲ್ಲು ಹಾಕ್ಕೊಂಡು ಕಡ್ಲಿ ಕಡಿತೈತೇನಕ್ಕಾ? ಇದು ಹೆಗ್ಗಣದ ಕೆಲ್ಸ," ಎಂದು ಎದುರುಮನೆಯ ಹೇಮಪ್ಪ ಗಟಾರಿನೊಳಗೆ ಮೊಣಕೈತನಕ ಕೈಬಿಟ್ಟು, ಒಂದು ಹಣಿಗೆ, ಎರಡು ಚಮಚ ತೆಗೆದ. ಚಮಚ ತಮ್ಮವೆಂದು ಇಬ್ಬರು ಜಗಳಕ್ಕೆ ನಿಂತರು.

"ನಾ ಹೆಂಗ ಹೋಗ್ಲೋ," ಎಂದ ಓಬಳೆಪ್ಪ. ಮಾತು ತೂತುಬಿದ್ದ ಸೈಕಲ್ ಟ್ಯೂಬಿನಂತೆ ಬುಸ್ಸೆಂದಿತು.

"ಚಿಂತಿ ಬಿಡ್ರಿ ಕಾಕಾ," ಎಂದ ಹೇಮಪ್ಪ. "ನಮ್ಮಪ್ಪನ ಹಲ್ಲಿನ ಸೆಟ್ ಐತಿ. ಅಂವ ತೀರಿದಮ್ಯಾಲೆ ದೇವರ ಜಗಲಿ ಮ್ಯಾಲಿಟ್ಟು ದಿನಾ ಊದಿನಕಡ್ಡಿ ಹಚ್ತೀನಿ."

"ಸತ್ತವರ ಹಲ್ಲು ಹಾಕ್ಕೊಂಡ್ರ ಪಾಪ ಬರ್ತೈತೋ."

"ಬದುಕಿದ್ದಾಗ ಅಂವ ಯಾರಿಗೂ ಏನೂ ಕೊಡ್ಲಿಲ್ರಿ. ಈಗರ ಪುಣ್ಯ ಬರ್ಲಿ."

ಹೇಮಪ್ಪನ ಅಪ್ಪನದು ದೊಡ್ಡ ದವಡೆ. ಆ ಸೆಟ್ ಹಾಕಿಕೊಂಡ ಓಬಳೆಪ್ಪನ ಬಾಯಿ ಹಬ್ಬದ ದಿನದ ಬಸ್ಸಿನ ಬಾಗಿಲಿನಂತೆ ಮುಚ್ಚಲೇ ಇಲ್ಲ. ಉಸಿರಾಡಿದಾಗಲೆಲ್ಲ ಊದಿನಕಡ್ಡಿಯ ವಾಸನೆ. ಹಾಗೇ ಅಂಗನವಾಡಿಗೆ ನಡೆದ.

ಟೀಚರ್ ಹನುಮಂತಮ್ಮ ಇಪ್ಪತ್ತು ಮಕ್ಕಳನ್ನು ಚಾಪೆಯ ಮೇಲೆ ಕೂರಿಸಿದ್ದಳು. ಕತೆ ಛಲೋ ಶುರುವಾಯಿತು. ಗುಮ್ಮ ಟ್ಯಾಂಕಿಯಿಂದ ಇಳಿದ. ಮಕ್ಕಳು ಹತ್ತಿರ ಸರಿದರು. "ಮಕ್ಕಳನ್ನ ನೋಡಿ ಗುಮ್ಮ ಹಿಂಗ ನಕ್ಕ," ಎಂದು ಓಬಳೆಪ್ಪ ಬಾಯ್ತುಂಬ ನಕ್ಕು ತೋರಿಸಿದ.

ಹೇಮಪ್ಪನ ಅಪ್ಪನ ಹಲ್ಲು ಮೇಲಿನದು ಕೆಳಗಿನದು ಜೋಡಿಯಾಗಿ ಹಾರಿ, ಟಕ್ ಎಂದು ಮುಂದಿನ ಸಾಲಿನ ಮಗುವೊಂದರ ಉಪ್ಪಿಟ್ಟಿನ ತಾಟಿನಲ್ಲಿ ಕುಳಿತವು.

ಇಪ್ಪತ್ತು ಬಾಯಿ ಒಟ್ಟಿಗೆ ಚೀರಿದವು. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಕೋಣೆ ಖಾಲಿ. ಬಾಗಿಲಲ್ಲಿ ಪುಟ್ಟ ಚಪ್ಪಲಿಗಳಷ್ಟೇ ಉಳಿದಿದ್ದವು.

"ಇವ್ರನ್ನ ಅಳದಂಗ ಕೂಡ್ಸಾಕ ನಂಗ ಒಂದು ವರ್ಷ ಬೇಕಾತ್ರಿ," ಎಂದು ಹನುಮಂತಮ್ಮ ಮೆಲ್ಲಗೆ ಹೇಳಿ ಮಕ್ಕಳ ಹಿಂದೆ ಓಡಿದಳು.

ಓಬಳೆಪ್ಪ ಚಾಪೆಯ ಮೇಲೆ ಕುಸಿದು ಕುಳಿತ. ಒಂದು ಮಗುವಿನ ಹೆದರಿಕೆ ತೆಗೆಯಲು ಬಂದು ಇಪ್ಪತ್ತು ಮಕ್ಕಳಿಗೆ ಹಂಚಿದ್ದ.

ಆಗ ಬಾಗಿಲಲ್ಲಿ ಉಜ್ಮಾ ಕಾಣಿಸಿದಳು. ಎಲ್ಲರೂ ಓಡಿದ ಮೇಲೆ ಅವಳೊಬ್ಬಳು ತಿರುಗಿ ಬಂದಿದ್ದಳು. ಫ್ರಾಕಿನ ಕಿಸೆಯಿಂದ ಒಂದು ಕರವಸ್ತ್ರ ತೆಗೆದು ಬಿಚ್ಚಿದಳು. ಓಬಳೆಪ್ಪನ ಹಲ್ಲು.

"ಗುಮ್ಮಗ ಕೊಡ್ಬೇಕಂತ ತೊಗೊಂಡಿದ್ದೆ. ಮುಂಜಾನೆ ಟ್ಯಾಂಕಿ ತನಕ ಒಬ್ಬಾಕೆನ ಹೋಗಿ ಕರದೆ. ಯಾರೂ ಓ ಅನ್ಲಿಲ್ಲ."

ಅವನ ಬರಿದಾದ ಬಾಯನ್ನು ಅವಳು ಬಹಳ ಹೊತ್ತು ನೋಡಿದಳು.

"ಅಜ್ಜಾ, ಗುಮ್ಮ ನೀನ ಅಂತ ನಂಗ ಗೊತ್ತಿರ್ಲಿಲ್ಲ."

ಹಲ್ಲನ್ನೂ, ಜೊತೆಗೆ ತಂದಿದ್ದ ಒಂದು ತುಂಡು ರೊಟ್ಟಿಯನ್ನೂ ಅವನ ಮುಂದೆ ನೆಲದ ಮೇಲಿಟ್ಟು, ಬೆನ್ನು ತೋರಿಸದೆ, ಹಿಂದಹಿಂದಕ್ಕೆ ಹೆಜ್ಜೆಯಿಡುತ್ತ ಅವಳು ಬಾಗಿಲು ದಾಟಿದಳು.